ಇಲಿ ತಿನ್ನೋನ ಹೆಂಡತಿ

ಅಕ್ಟೋಬರಿನ ಉರಿಬಿಸಿಲು. ಲುವಾಂಗ್ವಾ ನದಿ ಅರ್ಧ ಬತ್ತಿ ಮರಳಾಗಿ, ಉಳಿದರ್ಧದಲ್ಲಿ ನೀರಾನೆಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದ ಕಾಲ. ಅಂಥ ಮಧ್ಯಾಹ್ನದಲ್ಲಿ ನದಿದಂಡೆಯ ಹುಲ್ಲಿನ ಕ್ಯಾಂಪಿಗೆ ಬಂದಿಳಿದ ಹೆಲ್ಗಾ ಎಂಬ ಮುದುಕಿ, ಕುಡಿಯಲು ಕೊಟ್ಟ ತಣ್ಣನೆಯ ಜ್ಯೂಸನ್ನೂ ಮುಟ್ಟದೆ, ತನ್ನ ಪೆಟ್ಟಿಗೆ ಬಿಚ್ಚಿ ದಪ್ಪನೆಯ ಉಣ್ಣೆ ಕಂಬಳಿಯೊಂದನ್ನು ತೆಗೆದು ಗೈಡ್ ದಲಿಸೊನ ಕೈಯಲ್ಲಿಟ್ಟಳು.

ನೀಲಿಯ ಮೇಲೆ ಬಿಳಿ ಪಟ್ಟೆ. ಇಬ್ಬರು ಆರಾಮಾಗಿ ಹೊದ್ದುಕೊಳ್ಳುವಷ್ಟು ಅಗಲ. ಹೋದ ವರ್ಷ ಸಫಾರಿ ಮುಗಿಸಿ ಊರಿಗೆ ಹೋದವಳು ಚಳಿಗಾಲವೆಲ್ಲ ಕೂತು ಇದನ್ನೇ ಹೆಣೆದಳಂತೆ.

"ನಿನಗೂ ನಿನ್ನ ಹೆಂಡತಿಗೂ," ಅಂದಳು. "ಎಲ್ಲಿ ಅವಳು, ಆ ಬ್ರೆಡ್ ಮಾಡೋ ಹುಡುಗಿ?"

ದಲಿಸೊ ಜೆರೆಗೆ ಮದುವೆಯೇ ಆಗಿರಲಿಲ್ಲ. ಜೊಂಡಿನ ತಡಿಕೆಯ ಆಚೆ, ಅಡುಗೆಮನೆಯಲ್ಲಿ, ಯಾರದೋ ಕೈಯಿಂದ ತಟ್ಟೆ ಜಾರಿ ಬಿದ್ದ ಸದ್ದಾಯಿತು. ಆಮೇಲೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುವ ಸದ್ದು.

ತಪ್ಪು ಅವನ ನಾಲಿಗೆಯದೇ. ಹೋದ ವರ್ಷ ಹೆಲ್ಗಾ ಹೊರಡುವ ಮುಂಚೆ ಅಡುಗೆಯ ಕಸೊಂಡೆಯನ್ನು ಊಟದ ಮೇಜಿಗೆ ಕರೆಸಿ, ಇವಳೇ ನನ್ನ ಹೆಂಡತಿ, ಕೋತಿ ತಿಂತಾಳೆ, ಆದರೂ ಬ್ರೆಡ್ ಚೆನ್ನಾಗಿ ಮಾಡ್ತಾಳೆ ಎಂದು ಪರಿಚಯ ಮಾಡಿಸಿದ್ದ. ಕ್ಯಾಂಪಿನವರೆಲ್ಲ ನಕ್ಕಿದ್ದರು. ಹೆಲ್ಗಾಳೂ ನಕ್ಕಿದ್ದಳು. ಆದರೆ ಕೋತಿಯ ಮಾತನ್ನು ತಮಾಷೆಗೆ ಹಾಕಿ, ಹೆಂಡತಿಯ ಮಾತನ್ನು ನಿಜದ ಲೆಕ್ಕಕ್ಕೆ ಹಾಕಿಕೊಂಡು ಊರಿಗೆ ಹೋಗಿದ್ದಳು.

ಅವಳನ್ನು ದೂರಿ ಫಲವಿಲ್ಲ. ದಲಿಸೊ ಅಂಗೋನಿ ಕುಲದವನು, ಕಸೊಂಡೆ ಬೆಂಬಾ ಕುಲದವಳು. ಇವರ ಮುತ್ತಜ್ಜಂದಿರು ಒಬ್ಬರಿಗೊಬ್ಬರು ಈಟಿಯಿಂದ ತಿವಿದು ತಿವಿದು ಸಾಕಾಗಿ, ಇನ್ನು ಜಗಳವೇನಿದ್ದರೂ ಬಾಯಲ್ಲೇ ಆಗಲಿ ಎಂದು ಕೈ ತೊಳೆದುಕೊಂಡವರು. ಅಂದಿನಿಂದ ಅಂಗೋನಿಯೂ ಬೆಂಬಾನೂ ಬಸ್‌ಸ್ಟ್ಯಾಂಡಿನಲ್ಲಿ ಸಿಗಲಿ, ಬ್ಯಾಂಕಿನಲ್ಲಿ ಸಿಗಲಿ, ಚರ್ಚಿನ ಬಾಗಿಲಲ್ಲೇ ಸಿಗಲಿ, ಒಂದಿಷ್ಟು ಹೀಯಾಳಿಸಿಕೊಳ್ಳದೆ ಮುಂದೆ ಹೋಗುವುದಿಲ್ಲ. ಇವನು ಇಲಿ ತಿನ್ನೋನು, ಅವಳು ಕೋತಿ ತಿನ್ನೋಳು. ಅವನು ಇವಳ ಆಳು, ಇವಳು ಅವನ ಬಿಟ್ಟಿ ಹೆಂಡತಿ. ಗೇಲಿಯ ನಂಟು ಅದು. ಏನಂದರೂ ಯಾರೂ ಸಿಟ್ಟಾಗುವಂತಿಲ್ಲ. ಏನಂದರೂ ಯಾರೂ ನಂಬಬೇಕಾಗಿಲ್ಲ.

ಆ ಎರಡನೆಯ ಮಾತೇ ಈಗ ದಲಿಸೊನ ಕುತ್ತಿಗೆಗೆ ಬಂದಿತ್ತು. ಯಾಕೆಂದರೆ ಈ ವರ್ಷ ಅವನಿಗೆ ಕಸೊಂಡೆಯ ಮೇಲೆ ಪ್ರೀತಿ ಹುಟ್ಟಿತ್ತು. ಗೇಲಿಯದಲ್ಲ, ನಿಜದ್ದು.

ಹುಟ್ಟಿದ್ದು ಬ್ರೆಡ್ಡಿನ ದೆಸೆಯಿಂದ. ಕಸೊಂಡೆ ತಗಡಿನ ಟ್ರಂಕಿನಲ್ಲಿ ಹಿಟ್ಟಿಟ್ಟು, ಕೆಳಗೂ ಕೆಂಡ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದಳು. ಬೆಂದದ್ದನ್ನು ತೆಗೆದು ಮಗುಚಿ, ತಳಕ್ಕೆ ಬೆರಳಿಂದ ಮೆಲ್ಲಗೆ ಬಡಿದು, ಕಿವಿಯಿಟ್ಟು ಕೇಳುವಳು. ಒಂದು ಬೆಳಿಗ್ಗೆ ದಲಿಸೊ ಚಹಾಕ್ಕೆಂದು ಹೋದವನು ಅದನ್ನು ನೋಡಿದ. ಕಣ್ಣು ಅರೆಮುಚ್ಚಿ, ಕೆನ್ನೆಗೆ ಹಿಟ್ಟು ಮೆತ್ತಿಕೊಂಡು, ಒಳಗಿನ ಗುಟ್ಟು ಕೇಳುವವಳ ಹಾಗೆ ನಿಂತಿದ್ದಳು.

"ಏನನ್ನತ್ತೆ ಅದು?" ಎಂದು ಕೇಳಿದ.

"ಇಲಿ ತಿನ್ನೋನು ಬಾಗಿಲಲ್ಲಿ ನಿಂತವ್ನೆ, ಹುಷಾರು ಅನ್ನತ್ತೆ," ಎಂದಳು, ಕಣ್ಣು ತೆರೆಯದೆಯೇ.

ಅಷ್ಟೇ ಆದದ್ದು. ಅವತ್ತು ಅವನು ಚಹಾ ಕುಡಿಯದೆ ಹೋದ.

ಹೇಳಬೇಕೆಂದು ಪಟ್ಟ ಪಾಡು ಒಂದೆರಡಲ್ಲ. ಮೊದಲು ಅಡುಗೆಮನೆಯಲ್ಲೇ, ನಾನು ನಿನ್ನ ಮದುವೆಯಾಗ್ತೀನಿ ಅಂದುಬಿಟ್ಟ. ಹೆಣ್ಣಿಗೆ ಕೊಡೋ ತೆರಕ್ಕೆ ಒಣಗಿದ ಇಲಿ ತರ್ತೀಯೋ ಹಸಿ ಇಲಿ ತರ್ತೀಯೋ ಎಂದು ಅವಳು ಸೌಟು ಹಿಡಿದೇ ಕೇಳಿದಳು. ಪಾತ್ರೆ ತೊಳೆಯುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಸಲ, ನದಿದಂಡೆಯಲ್ಲಿ ಅವಳೊಬ್ಬಳೇ ಸೊಪ್ಪು ತೊಳೆಯುವಾಗ ಹೋಗಿ, ಸುಳ್ಳಲ್ಲ, ನಿಜವಾಗಲೂ, ಎಂದ. ಅವಳ ಕೈ ನೀರಿನಲ್ಲೇ ನಿಂತಿತು. ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. ಹಾಗೆ ಅವಳು ಹಿಂದೆಂದೂ ನೋಡಿರಲಿಲ್ಲ. ಪುಣ್ಯಾತ್ಮ ಆಗಲಾದರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕೋ ಬೇಡವೋ? ಆನೆ ಎದುರು ನಿಂತರೂ ಅಲುಗದವನು ಆ ನೋಟದಿಂದ ಕಣ್ಣು ತಪ್ಪಿಸಿದ.

"ಕೋತಿ ಸಾರು ಮಾಡೋದು ಬಿಟ್ರೆ ಮಾತ್ರ," ಅಂದುಬಿಟ್ಟ.

ಅವಳು ನಕ್ಕಳು. ಸೊಪ್ಪಿನ ನೀರು ಅವನ ಮುಖಕ್ಕೆ ಚಿಮುಕಿಸಿ, ನಟನೆ ಚೆನ್ನಾಗಿತ್ತು ಕಣೋ, ನಾಳೆ ಎಲ್ಲರ ಮುಂದೆ ಇನ್ನೊಂದ್ಸಲ ಮಾಡು ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಸೋದರಮಾವ ಯೋಬೆಗೆ ಹೇಳಿಕೊಂಡ. ಯೋಬೆ ಅದೇ ಕ್ಯಾಂಪಿನ ಬಂದೂಕಿನವನು. ಅತಿಥಿಗಳು ಕಾಡಿನಲ್ಲಿ ನಡೆಯುವಾಗ ಸಾಲಿನ ಮುಂದೆ ತುಸು ಕುಂಟುತ್ತ ಹೋಗುವವನು. ಅವನು ಬಂದೂಕಿನ ನಳಿಗೆ ಒರೆಸುತ್ತ ಎಲ್ಲ ಕೇಳಿಸಿಕೊಂಡು, ಅಂಗೋನಿ ಹೋಗಿ ಬೆಂಬಾಗೆ ನಿನ್ನ ಮನೆಗೆ ಬೆಂಕಿ ಬಿದ್ದಿದೆ ಅಂದರೂ ಅವಳು ಸುಡೋವರೆಗೂ ನಗ್ತಾಳೆ ಎಂದ. ಬೇರೆ ಕುಲದ ಹುಡುಗಿ ನೋಡಿಕೋ ಎಂದ. ಅಷ್ಟು ಹೇಳಿ, ಸೋದರಳಿಯನ ಮುಖ ನೋಡಿ, ಪಾಪ ಅನ್ನಿಸಿ, ಒಂದು ಸಿಗರೇಟು ಕೊಟ್ಟ.

ಕಾಲ ಬೇರೆ ಕೈ ಬಿಡುತ್ತಿತ್ತು. ಸಂಜೆಯಾದರೆ ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ನದಿ ದಂಡೆ ಮೀರುತ್ತದೆ, ದಾರಿ ಮುಚ್ಚುತ್ತದೆ. ಹುಲ್ಲಿನ ಗುಡಿಸಲುಗಳನ್ನೆಲ್ಲ ಕಳಚಿ, ಹಾಸಿಗೆ ಪಾತ್ರೆ ಲಾರಿಗೆ ಹೇರಿ, ಜನ ದಿಕ್ಕಿಗೊಬ್ಬರಾಗಿ ಹೋಗುತ್ತಾರೆ. ಬೇಸಗೆಗೆ ಮತ್ತೆ ಬಂದು ಕಟ್ಟುತ್ತಾರೆ. ಮುಂದಿನ ಸಲ ಕಸೊಂಡೆ ಬರುವುದಿಲ್ಲ ಎಂದಿದ್ದಳು. ಲಿವಿಂಗ್‌ಸ್ಟನ್ ಊರಿನ ದೊಡ್ಡ ಹೋಟೆಲೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ದೇಶದ ಆ ತುದಿಗೆ.

ಹೀಗಿರುವಾಗ ಈ ಕಂಬಳಿ.

ದಲಿಸೊ ಹೆಲ್ಗಾಳಿಗೆ ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಸೊಂಡೆ ಸೊಂಟದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬಂದು ಮುದುಕಿಯನ್ನು ತಬ್ಬಿಕೊಂಡಳು. ಕಂಬಳಿಯನ್ನು ಕೆನ್ನೆಗೊತ್ತಿಕೊಂಡು ಅಯ್ಯೋ ಎಷ್ಟು ಮೆತ್ತಗಿದೆ ಎಂದಳು. ಆ ಬಿಸಿಲಿಗೆ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಆಮೇಲೆ ತಡಿಕೆಯ ಹಿಂದೆ ಇವನ ರೆಟ್ಟೆ ಹಿಡಿದು ನಿಲ್ಲಿಸಿದಳು.

"ಚಳಿಗಾಲ ಪೂರ್ತಿ ಹೆಣೆದವ್ಳೆ ಕಣೋ. ಈಗ ಸುಳ್ಳು ಅಂದ್ರೆ ಮುದುಕಿಗೆ ಹೇಗಾಗಬೇಡ? ಅವಳಿರೋವಷ್ಟು ದಿನ ಗಂಡ ಆಗಿರು. ಸಾಯಲ್ಲ."

ಸಾಯುವುದಿಲ್ಲ ಎಂದು ಅವಳಿಗೇನು ಗೊತ್ತು?

ಹೆಲ್ಗಾ ಇದ್ದಷ್ಟು ದಿನ ಕಸೊಂಡೆ ಹೆಂಡತಿಯಾದಳು. ಬೆಳಿಗ್ಗೆ ಅವನ ಕಾಲರು ಸರಿಮಾಡಿದಳು. ಊಟದ ಮೇಜಿನಲ್ಲಿ ಅವನ ತಟ್ಟೆಯಿಂದ ಮೀನಿನ ತುಂಡು ಕದ್ದು, ಗಂಡ ದಪ್ಪಗಾಗ್ತಿದಾನೆ ಎಂದು ಮುದುಕಿಗೆ ಚಾಡಿ ಹೇಳಿದಳು. ಕ್ಯಾಂಪಿನವರಿಗೆ ಬಿಟ್ಟಿ ನಾಟಕ. ದಲಿಸೊ ಮಾತ್ರ ಅವಳ ಬೆರಳು ಕಾಲರಿಗೆ ತಾಗಿದಾಗಲೆಲ್ಲ ಆಡುತ್ತಿದ್ದ ಮಾತು ಮರೆಯುತ್ತಿದ್ದ. ಬೇಕಾದದ್ದೆಲ್ಲ ಸಿಕ್ಕಿತ್ತು, ಅದರಲ್ಲಿ ಯಾವುದೂ ಅವನದಾಗಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಹೆಲ್ಗಾ ಕಾಡಿನಲ್ಲಿ ನಡೆಯಬೇಕೆಂದಳು. ಚಹಾದ ಬುಟ್ಟಿ ಹೊರುವವನಿಗೆ ಜ್ವರ. ಕಸೊಂಡೆ ತಾನೇ ಹೊರುತ್ತೇನೆಂದು ಹೊರಟಳು. ಮುಂದೆ ಬಂದೂಕು ಹಿಡಿದ ಯೋಬೆ, ಅವನ ಹಿಂದೆ ದಲಿಸೊ, ಆಮೇಲೆ ಹೆಲ್ಗಾ, ಕೊನೆಗೆ ಕಸೊಂಡೆ. ದಲಿಸೊ ಹಕ್ಕಿ ತೋರಿಸುವ ನೆಪದಲ್ಲಿ ಹಿಂದೆ ತಿರುಗುತ್ತಿದ್ದ. ಹಕ್ಕಿ ಇಲ್ಲದ ಕಡೆಯೂ ತಿರುಗಿದ. ಕಸೊಂಡೆ ಹುಬ್ಬೇರಿಸಿ, ಮುಂದೆ ನೋಡ್ಕೊಂಡು ನಡಿ ಎಂದು ಕಣ್ಣಲ್ಲೇ ಗದರಿದಳು.

ದಟ್ಟ ನೆರಳಿನ ಮರವೊಂದರ ಕೆಳಗೆ ಚಹಾಕ್ಕೆ ಕೂತರು. ಹೆಲ್ಗಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಇವನು ನಿನ್ನನ್ನು ಹೇಗೆ ಕೇಳಿದ ಹೇಳು ಎಂದು ಕಸೊಂಡೆಯನ್ನು ಪೀಡಿಸಿದಳು. ಏನೋ ಒಂದು ಕತೆ ಕಟ್ಟುತ್ತಾಳೆ ಎಂದು ದಲಿಸೊ ನಗಲು ಸಿದ್ಧನಾಗಿದ್ದ.

"ಕೇಳಲೇ ಇಲ್ಲ," ಎಂದಳು ಕಸೊಂಡೆ. ಬಿಸ್ಕತ್ತಿನ ಪುಡಿಯನ್ನು ಇರುವೆಗಳ ಕಡೆ ತಳ್ಳುತ್ತಿದ್ದಳು. "ಊರಿಗೆಲ್ಲ ಹೇಳ್ತಾನೆ. ನನಗೊಬ್ಬಳಿಗೆ ಹೇಳಲ್ಲ. ಹೇಳಿದ್ರೂ ನಗ್ತಾ ಹೇಳ್ತಾನೆ. ಒಂದೇ ಒಂದು ಸಲ ನಗದೆ ಹೇಳ್ಲಿ ಅಂತ ಕಾದೆ."

ಇದೂ ನಾಟಕವೋ? ದಲಿಸೊಗೆ ತಿಳಿಯಲಿಲ್ಲ. ಅವಳ ಮುಖ ಕೆಳಗಿತ್ತು. ಈಗ ಹೇಳುತ್ತೇನೆ, ಈ ಕ್ಷಣವೇ ಹೇಳುತ್ತೇನೆ ಎಂದು ಎದ್ದು ನಿಂತ.

ಅಷ್ಟರಲ್ಲಿ ಯೋಬೆಯ ಕೈ ಮೇಲೆದ್ದಿತು.

ಪೊದೆಯ ಸಂದಿನಿಂದ ಹೆಣ್ಣಾನೆಯೊಂದು ಮರಿಯ ಜೊತೆ ಹೊರಬಂದಿತ್ತು. ಗಾಳಿ ಇವರ ಕಡೆಗಿತ್ತು, ಹಾಗಾಗಿ ವಾಸನೆ ಅದಕ್ಕೆ ಸಿಕ್ಕಿರಲಿಲ್ಲ. ಉಸಿರು ಬಿಗಿಹಿಡಿದು ನಿಲ್ಲುವುದೊಂದೇ ದಾರಿ. ದಲಿಸೊ ಹೆಲ್ಗಾಳಿಗೆ ಅಡ್ಡವಾಗಿ ನಿಂತು, ಅಲುಗಬೇಡ ಎನ್ನುವಂತೆ ಒಂದು ಕೈ ಹಿಂದೆ ಚಾಚಿದ. ಆ ಕೈಯನ್ನು ಯಾರೋ ಹಿಡಿದುಕೊಂಡರು. ಬೆರಳ ತುದಿಗಳು ಕೆಂಡಕ್ಕೆ ಸುಟ್ಟು ಒರಟಾಗಿದ್ದವು.

ಆನೆ ಅವಸರ ಮಾಡಲಿಲ್ಲ. ಮರದಿಂದ ಬಿದ್ದ ಕಾಯಿ ಹೆಕ್ಕಿ ತಿಂದಿತು. ಮರಿಗೆ ಮೊಲೆ ಕೊಟ್ಟಿತು. ಇಷ್ಟು ವರ್ಷದಲ್ಲಿ ಇವರಿಬ್ಬರು ಮಾತಿಲ್ಲದೆ ಅಕ್ಕಪಕ್ಕ ನಿಂತದ್ದು ಅದೇ ಮೊದಲು. ದಲಿಸೊ ಜನ್ಮದಲ್ಲಿ ಮೊದಲ ಸಲ, ಆನೆ ಹೋಗದಿರಲಿ ದೇವರೇ ಎಂದು ಬೇಡಿಕೊಂಡ.

ಆನೆ ಹೋಯಿತು. ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಅವನು ತಿರುಗಿದ. ಕಸೊಂಡೆ ಕೈ ಕೊಡವಿಕೊಂಡು ಮೂಗು ಸೊಟ್ಟಗೆ ಮಾಡಿದಳು.

"ಥೂ, ಏನು ಬೆವರೋ ನಿಂದು. ಇಲಿ ವಾಸನೆ."

ಯೋಬೆ ನಕ್ಕ, ಹೆಲ್ಗಾ ಅರ್ಥವಾಗದೆ ನಕ್ಕಳು, ದಲಿಸೊನೂ ಹಲ್ಲು ಕಿರಿದ. ಬೇರೇನು ಮಾಡಲೂ ಅವನಿಗೆ ಬರುತ್ತಿರಲಿಲ್ಲ.

ಹೆಲ್ಗಾ ಮರುದಿನ ಕಣ್ಣೊರೆಸಿಕೊಳ್ಳುತ್ತ ಹೊರಟಳು. ಮುಂದಿನ ವರ್ಷ ಈ ಕಂಬಳಿಯಲ್ಲಿ ಮಗು ಮಲಗಿರಬೇಕು ಎಂದು ಜೀಪಿನಿಂದಲೇ ಕೂಗಿ ಹೇಳಿದಳು. ಜೀಪಿನ ಧೂಳು ಇಳಿದ ಮೇಲೆ ಕಂಬಳಿ ಇಬ್ಬರ ನಡುವೆ ಉಳಿಯಿತು. ಕ್ಯಾಂಪ್ ಮುಚ್ಚೋ ದಿನ ಕತ್ತರಿಸಿ ಅರ್ಧರ್ಧ ತಗೊಳ್ಳೋಣ ಎಂದಳು ಕಸೊಂಡೆ. ಕತ್ತರಿ ನನ್ನ ಹತ್ರ ಇದೆ ಎಂದಳು. ದಲಿಸೊ ಹೂಂ ಎಂದ. ಆ ದಿನ, ಅವಳು ಕತ್ತರಿ ಎತ್ತುವ ಮೊದಲು, ನಗದೆ ಹೇಳುತ್ತೇನೆ ಎಂದು ಮನಸ್ಸು ಗಟ್ಟಿಮಾಡಿಕೊಂಡ. ಕನ್ನಡಿಯ ಮುಂದೆ ನಿಂತು ನಗದಿರುವುದನ್ನು ಅಭ್ಯಾಸ ಕೂಡ ಮಾಡಿದ.

ಆ ದಿನ ಅವನ ಪಾಲಿಗೆ ಬರಲಿಲ್ಲ. ಫೋನಿನ ಸಿಗ್ನಲ್ ಸಿಗುವುದು ಕ್ಯಾಂಪಿನ ಹಿಂದಿನ ದೊಡ್ಡ ಹುತ್ತದ ಮೇಲೆ ಹತ್ತಿದರೆ ಮಾತ್ರ. ಒಂದು ಬೆಳಿಗ್ಗೆ ಹತ್ತಿದ ಯೋಬೆ ಇಳಿಯದೆ ಅಲ್ಲೇ ಕೂತುಬಿಟ್ಟ. ಊರಿನಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಅವಳೇ ದಲಿಸೊನ ಅಜ್ಜಿ, ಅವನ ಹೆತ್ತವಳು ಬೇಗ ಹೋದಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು. ಸಾಮಾನಿನ ಲಾರಿ ಆಗಲೇ ಹೊರಡುವುದರಲ್ಲಿತ್ತು. ಇಬ್ಬರೂ ಹತ್ತಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಸೊಂಡೆ, ಹೋಗಿ ಬಾ ಎಂದಳು. ಇಲಿ ಇಲ್ಲ, ಬೈಗುಳ ಇಲ್ಲ. ಬರೀ ಹೋಗಿ ಬಾ.

ಚಿಪಾಟಾ ಪಟ್ಟಣ ದಾಟಿ ಗುಡ್ಡದ ಮೇಲಿನ ಊರು ಅವರದು. ಅಲ್ಲಿ ಆಗಲೇ ಮಳೆ ಹಿಡಿದಿತ್ತು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಅಳುವ ಹೆಂಗಸರು. ದಲಿಸೊ ಅಜ್ಜಿಯ ಶವಪೆಟ್ಟಿಗೆಯ ಪಕ್ಕ ಕೂತವನು ಎದ್ದೇಳಲಿಲ್ಲ, ಅಳಲೂ ಇಲ್ಲ.

ಸಾವಿನ ಮನೆಗೆ ಗೇಲಿಯವರು, ಅಂದರೆ ಗೇಲಿಯ ನಂಟಿನ ಕುಲದವರು, ಬರಲೇಬೇಕು. ಮನೆಯವರು ಅಳಬೇಕು, ಗುಂಡಿ ತೋಡುವುದು, ಗಂಜಿ ಕಾಯಿಸುವುದು, ಅಳುವವರನ್ನು ನಗಿಸುವುದು ಗೇಲಿಯವರ ಪಾಲಿನ ಕೆಲಸ. ಹೆಣವನ್ನೂ ಬಿಡದೆ ಗೇಲಿ ಮಾಡುತ್ತಾರೆ. ಅವರು ಮಾತ್ರ ಒಂದು ಹನಿ ಕಣ್ಣೀರು ಹಾಕುವಂತಿಲ್ಲ. ಮಳೆ ಬಂದು ಕ್ಯಾಂಪ್ ಕಳಚುತ್ತಿದ್ದಾರೆ ಎಂದು ಕೇಳಿ ಯೋಬೆ ಅಲ್ಲಿಗೆ ಹೇಳಿಕಳಿಸಿದ: ನಮ್ಮ ಬೆಂಬಾನ ಕಳಿಸಿಕೊಡಿ.

ದಲಿಸೊಗೆ ಅದು ತಿಳಿದಾಗ ಇದ್ದ ಆಸೆಯೂ ಹೋಯಿತು. ಕಸೊಂಡೆ ಬರುತ್ತಾಳೆ, ಈ ಕೆಲಸವನ್ನು ಅವಳಷ್ಟು ಚೆನ್ನಾಗಿ ಯಾರೂ ಮಾಡಲಾರರು. ಇಡೀ ಊರನ್ನು ನಗಿಸಿ, ಇಲ್ಲಿಂದಲೇ ಲಿವಿಂಗ್‌ಸ್ಟನ್ನಿನ ದಾರಿ ಹಿಡಿಯುತ್ತಾಳೆ. ಅಜ್ಜಿಯ ಹೆಣದ ಮುಂದೆ ನಿಂತು ಗೇಲಿ ಮಾಡಿ ಹೋದವಳು ಕೊನೆತನಕ ಗೇಲಿಯವಳೇ. ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಅವಳು ತುಂತುರು ಮಳೆಯಲ್ಲಿ ಬಂದಳು. ಕೈಯಲ್ಲಿ ಊರಿಗೆ ಹೊರಟ ಚೀಲ, ತಲೆಯ ಮೇಲೆ ಪ್ಲಾಸ್ಟಿಕ್ ಸುತ್ತಿದ ಕಂಬಳಿ. ಎರಡನ್ನೂ ಜಗಲಿಯ ಮೇಲಿಟ್ಟು, ಸೊಂಟಕ್ಕೆ ಕೈಯಿಟ್ಟು, ಪೆಟ್ಟಿಗೆಯ ಮುಂದೆ ನಿಂತಳು.

"ಯಾರದು, ಮಳೆ ಬಂತು ಅಂತ ಹೊಲದ ಕೆಲಸ ತಪ್ಪಿಸ್ಕೊಂಡು ಮಲಗಿರೋದು? ಏಳಜ್ಜಿ. ಇಷ್ಟೊಂದು ಜನ ನೆಂಟರು ಬಂದವ್ರೆ, ಇವರಿಗೆಲ್ಲ ಇಲಿ ಹಿಡಿಯೋರು ಯಾರು?"

ಅಳುತ್ತಿದ್ದ ಹೆಂಗಸೊಬ್ಬಳಿಗೆ ನಗು ಬಂದು ಕೆಮ್ಮಾಯಿತು. ಕಸೊಂಡೆ ಯೋಬೆಯ ಟೋಪಿ ಕಿತ್ತು ತಾನು ಹಾಕಿಕೊಂಡು, ಸೌದೆಯನ್ನು ಬಂದೂಕಿನಂತೆ ಹಿಡಿದು ಅವನ ಹಾಗೇ ಕುಂಟುತ್ತ ನಡೆದಳು. ಯೋಬೆ ಅತ್ತು ಊದಿದ ಕಣ್ಣಲ್ಲೇ ನಕ್ಕ. ಅವಳು ಒಲೆ ಹೊತ್ತಿಸಿದಳು, ಗಂಜಿಗಿಟ್ಟಳು, ಅಂಗೋನಿಗಳಿಗೆ ಅಳುವುದಕ್ಕೂ ಬರಲ್ಲ ಎಂದು ಮೂದಲಿಸಿದಳು. ಅಂಗಳದ ಭಾರ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ದಲಿಸೊ ಒಬ್ಬನೇ ಕಲ್ಲಾಗಿ ಕೂತಿದ್ದ.

ಪೆಟ್ಟಿಗೆ ಎತ್ತುವ ಮೊದಲು ಗೇಲಿಯವರು ಸತ್ತವರ ಮುದ್ದಿನವರನ್ನು ನಗಿಸಬೇಕು. ಅದು ಕೊನೆಯ ಕೆಲಸ. ಕಸೊಂಡೆ ಬಂದು ದಲಿಸೊನ ಎದುರು ಕುಕ್ಕರುಗಾಲಲ್ಲಿ ಕೂತಳು. ಅವನು ತಲೆಯೆತ್ತಿದ. ಕ್ಷೌರವಿಲ್ಲದ ಮುಖ, ಒಣಗಿದ ಕಣ್ಣು, ಒಂದು ಎಳೆ ನಗುವಿಲ್ಲ.

"ಏನೋ, ಇಲಿ..." ಎಂದಳು.

ಮುಂದೆ ಬರಲಿಲ್ಲ. ಗಂಟಲು ಸರಿಮಾಡಿಕೊಂಡಳು. ಟೋಪಿ ಸರಿಮಾಡಿಕೊಂಡಳು. ಜನ ಕಾಯುತ್ತಿದ್ದರು.

"ಇಲಿ ತಿನ್ನೋ..."

ಟೋಪಿ ತೆಗೆದು ನೆಲದ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅವನ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಗೇಲಿಯವಳು ಅಳುವುದನ್ನು ಆ ಊರು ನೋಡಿರಲಿಲ್ಲ. ಚಾಪೆಯ ಮೇಲಿದ್ದ ಹಿರಿಯಳೊಬ್ಬಳು, ಯೋಬೆಯ ಚಿಕ್ಕಮ್ಮ, ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರಮ್ಮ ನೀನು? ಗೇಲಿಯವಳೋ, ಮನೆಯವಳೋ?"

ಕಸೊಂಡೆ ಮುಖದಿಂದ ಕೈ ತೆಗೆಯಲಿಲ್ಲ.

"ಈ ಕೆಲಸ ನನ್ನ ಕೈಲಾಗಲ್ಲ," ಎಂದಳು. "ಬೇರೆ ಬೆಂಬಾ ಯಾರನ್ನಾದ್ರೂ ಕರೆಸ್ಕೊಳ್ಳಿ."

ದಲಿಸೊಗೆ ಆಗ ಅಳು ಬಂತು. ಕಣ್ಣೀರು ತಾನೇ ತಾನಾಗಿ ಇಳಿಯಿತು, ತಡೆಯುವುದು ಅವನಿಂದಾಗಲಿಲ್ಲ. ಅವನು ಎದ್ದು ಜಗಲಿಗೆ ಹೋಗಿ ಪ್ಲಾಸ್ಟಿಕ್ ಬಿಚ್ಚಿದ. ಕಂಬಳಿ ಇಡಿಯಾಗಿತ್ತು. ಕತ್ತರಿ ಮುಟ್ಟಿಸಿರಲಿಲ್ಲ. ತಂದು, ಮಳೆಗೆ ನೆನೆದ ಅವಳ ಹೆಗಲ ಮೇಲೆ ಹೊದಿಸಿದ.

"ಕಸೊಂಡೆ," ಎಂದ.

ಇಷ್ಟು ವರ್ಷದಲ್ಲಿ ಅವಳನ್ನು ಅವಳ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಕನ್ನಡಿಯ ಮುಂದೆ ಕಲಿತದ್ದೆಲ್ಲ ಮರೆತುಹೋಗಿತ್ತು.

"ಹೂಂ," ಎಂದಳು ಅವಳು, ಅವನು ಕೇಳದೇ ಇದ್ದದ್ದಕ್ಕೆ.

ಯೋಬೆಯ ಚಿಕ್ಕಮ್ಮ ಪಕ್ಕದವಳನ್ನು ಮೊಣಕೈಯಿಂದ ತಳ್ಳಿ, ಮನೆಯ ಹೆಂಗಸರು ಕೂತ ಚಾಪೆಯ ಮೇಲೆ ಒಬ್ಬಳಿಗೆ ಜಾಗ ಮಾಡಿದಳು. ಕಸೊಂಡೆ ಹೋಗಿ ಅಲ್ಲಿ ಕೂತಳು.

ರಸ್ತೆ ಬದಿಯ ಅಂಗಡಿಯ ಟೈಲರ್ ಬೆಂಬಾ ಎಂದು ಯಾರಿಗೋ ನೆನಪಾಗಿ ಅವನನ್ನು ಎಳೆದುತಂದರು. ಆತ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಬಂದು, ಕೆಲಸ ಎಲ್ಲಿಂದ ಶುರುಮಾಡಲಿ ಎಂದು ಅಂಗಳದ ಸುತ್ತ ಕಣ್ಣಾಡಿಸಿದ. ಅಂಗೋನಿ ಹೆಂಗಸರ ನಡುವೆ, ನೀಲಿ ಕಂಬಳಿಯೊಳಗೆ, ತನ್ನ ಕುಲದ ಹುಡುಗಿಯೊಬ್ಬಳು ಮೂಗೊರೆಸಿಕೊಳ್ಳುತ್ತ ಕೂತದ್ದು ಕಂಡಿತು.

"ಇವಳ್ಯಾರು ಇಲ್ಲಿ?" ಎಂದ.

"ಇಲಿ ತಿನ್ನೋನ ಹೆಂಡತಿ," ಎಂದ ಯೋಬೆ.

ಟೈಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳ್ಳೆ ತಮಾಷೆ ಎಂದು ತೊಡೆ ತಟ್ಟಿಕೊಂಡ. ಆಮೇಲೆ ತಾನೊಬ್ಬನೇ ನಗುತ್ತಿರುವುದು ಕಂಡು, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಮೆಲ್ಲಗೆ ನಿಲ್ಲಿಸಿದ.